ಕಿಲ್ಲಾರಿಗೆ ಹೋದವರ ರಜೆ ಅರ್ಜಿ

ಬೀದರ್ ಜಿಲ್ಲೆಯ ಬೇಮಳಖೇಡದ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಅಷ್ಟು ಜನ ಯಾಕೆ ಸತ್ತರೆಂದು ಬಿಡಿಸಿ ಹೇಳಬೇಕಿಲ್ಲ. ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಒಳಗೆ ಕಂಬ, ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಸೋರದಿರಲೆಂದು ಮಳೆಗಾಲದ ಮುಂಚೆ ಮಾಳಿಗೆಗೆ ಮತ್ತಷ್ಟು ಮಣ್ಣು ಏರಿಸುವುದು ನಮ್ಮ ಕಡೆಯ ರೂಢಿ. ಅಜ್ಜ ಏರಿಸಿದ್ದರ ಮೇಲೆ ಅಪ್ಪ, ಅದರ ಮೇಲೆ ಮಗ. ಹೀಗೆ ಮೊಳದುದ್ದ ಬೆಳೆದ ಮಾಳಿಗೆಗಳಿದ್ದವು. 1993ರ ಸೆಪ್ಟೆಂಬರ್ 30ರಂದು, ಗಣಪತಿ ಕಳಿಸಿ ಬಂದು ಜನ ಮಲಗಿದ್ದಾಗ, ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿ ಲಾತೂರ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಇಂಥ ಮನೆಗಳೇ ಕುಸಿದವು. ಸತ್ತವರು ಸುಮಾರು 10,000. ಮುಂದೆ 52 ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು.

ನಮಗೆ ಅದು ಪರರಾಜ್ಯದ ಸುದ್ದಿಯಾಗಿರಲಿಲ್ಲ. 1956ರವರೆಗೆ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಬೀದರ್ ಜಿಲ್ಲೆಯಲ್ಲೇ ಇದ್ದವು. ರಾಜ್ಯ ಬೇರೆಯಾದರೂ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ನೇರ ಅಂತರದ ಲೆಕ್ಕದಲ್ಲಿ ಬಸವಕಲ್ಯಾಣಕ್ಕೆ ಜಿಲ್ಲಾ ಕೇಂದ್ರ ಬೀದರ್‌ಗಿಂತ ಕಿಲ್ಲಾರಿಯೇ ಹತ್ತಿರ.

ನಾನಾಗ ಹುಮನಾಬಾದ್ ತಾಲೂಕಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹಾಜರಿ ಪುಸ್ತಕ, ರಜೆ ವಹಿ ನನ್ನ ಮೇಜಿನ ಮೇಲಿರುತ್ತಿದ್ದವು. ಆ ವಾರ ಬಂದ ಅರ್ಜಿಗಳಲ್ಲೆಲ್ಲ ಒಂದೇ ಕಾರಣ: ‘ಗೃಹಕೃತ್ಯದ ನಿಮಿತ್ತ ಸಾಂದರ್ಭಿಕ ರಜೆ, ಕೇಂದ್ರಸ್ಥಾನ ಬಿಡಲು ಅನುಮತಿ.’ ಬರೆದವರು ಹೊರಟಿದ್ದು ಭೂಕಂಪವಾದ ಉಮರ್ಗಾದ ಕಡೆಗೆ. ನಮ್ಮ ಜವಾನ ಮನೆಯಿಂದ ಸಲಿಕೆ, ಹಾರೆ ತಂದು ಕಚೇರಿಯ ಗೋಡೆಗೆ ಒರಗಿಸಿಟ್ಟು, ಅರ್ಜಿಗೆ ಸಹಿ ಹಾಕಿ ಲಾರಿ ಹತ್ತಿದ. ಸಾಂದರ್ಭಿಕ ರಜೆ ಮುಗಿದಿದ್ದವರ ಗಳಿಕೆ ರಜೆ ಖರ್ಚಾಯಿತು. ಪರಿಹಾರ ಕೆಲಸಕ್ಕೆ ಹೋಗುತ್ತೇನೆಂದು ನಿಜ ಬರೆಯಲು ನನ್ನ ವಹಿಯಲ್ಲಿ ಕಾಲಂ ಇರಲಿಲ್ಲ.

ಮರಳಿ ಬಂದ ಜವಾನ ಹೇಳಿದ ಮಾತು ಈಗಲೂ ನೆನಪಿದೆ: ‘ಸಾಹೇಬರೆ, ಗೋಡೆ ಬಿದ್ದರೂ ಕಂಬ ನಿಂತಲ್ಲಿ ಸಂದು ಉಳಿದಿರತದ. ಮೊದಲು ಅಲ್ಲಿ ಕೈ ಹಾಕಬೇಕು.’ ಇದು ಅವನಿಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಅಂಥದೇ ಮನೆಯಲ್ಲಿ ಹುಟ್ಟಿದ್ದರಿಂದ ತೊಲೆ ಎಲ್ಲಿ ಊರಿರುತ್ತದೆ, ಜಂತಿ ಯಾವ ಕಡೆ ಜಾರುತ್ತದೆ ಎಂಬುದು ಅವನ ಕೈಗೆ ಗೊತ್ತಿತ್ತು. ವಿಪತ್ತಿನ ಮೊದಲ ದಿನಗಳಲ್ಲಿ ನೆರೆಯವನ ಈ ತಿಳಿವಳಿಕೆಗೆ ಬೆಲೆ ಕಟ್ಟಲಾಗದು. ಅದರ ಜತೆಗೆ, ಬರೀ ನೋಡಲು ಬಂದವರ ಗರ್ದಿಯಿಂದ ಕಿಲ್ಲಾರಿಯ ದಾರಿಗಳು ಕಟ್ಟಿಹೋಗಿ ಪರಿಹಾರದ ಗಾಡಿಗಳಿಗೆ ತೊಡಕಾದದ್ದೂ ನಿಜ. ಬಂದವರೆಲ್ಲ ಉಪಯೋಗಕ್ಕೆ ಬರುವುದಿಲ್ಲ. ತರಬೇತಿಯೂ ಬೇಕು, ಕರೆಯುವವರೂ ಬೇಕು.

ಕಿಲ್ಲಾರಿಯಾಗಿ ಹದಿನಾರು ತಿಂಗಳಿಗೆ, 1995ರ ಜನವರಿ 17ರಂದು ಜಪಾನಿನ ಕೋಬೆ ನಡುಗಿತು. ಅಲ್ಲಿಯೂ ಜನ ತಾವಾಗಿ ಓಡಿಬಂದರು, ಲಕ್ಷಗಟ್ಟಲೆ. ಜಪಾನ್ ಸರ್ಕಾರ ಅದನ್ನು ಹೊಗಳಿ ಸುಮ್ಮನಾಗಲಿಲ್ಲ. 1997ರಿಂದ ತನ್ನ ನೌಕರರಿಗೆ ಸ್ವಯಂಸೇವೆಗೆಂದೇ ವರ್ಷಕ್ಕೆ 5 ದಿನದ ಸಂಬಳ ಸಹಿತ ರಜೆ ಕೊಟ್ಟಿತು. ಅಮೆರಿಕದ ಅನೇಕ ರಾಜ್ಯಗಳಲ್ಲಿ, ರೆಡ್‌ಕ್ರಾಸ್‌ನಲ್ಲಿ ತರಬೇತಿ ಪಡೆದ ಸರ್ಕಾರಿ ನೌಕರ ಅದರ ಕರೆಯ ಮೇಲೆ ವಿಪತ್ತಿನ ಕೆಲಸಕ್ಕೆ ಹೋದರೆ ವರ್ಷಕ್ಕೆ 15 ದಿನದವರೆಗೆ ಪಗಾರ ಕಡಿತವಾಗುವುದಿಲ್ಲ.

ನಮ್ಮಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ 2005ರಲ್ಲಿ ಬಂತು. ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ಜಿಲ್ಲೆಗೊಂದು ಪ್ರಾಧಿಕಾರವಾಯಿತು. ಇನ್ನು ರಜೆಯ ಮಾತಿಗೆ ಬಂದರೆ, ರಕ್ತ ಕೊಟ್ಟ ನೌಕರನಿಗೆ ವಿಶೇಷ ಸಾಂದರ್ಭಿಕ ರಜೆಯಿದೆ. ಅಂಗಾಂಗ ದಾನ ಮಾಡಿದ ಕೇಂದ್ರ ನೌಕರನಿಗೆ 2023ರಿಂದ 42 ದಿನಗಳವರೆಗೆ ಇದೆ. ಮೈಯೊಳಗಿನದನ್ನು ಕೊಟ್ಟವನಿಗೆ ರಜೆ ಕೊಡುವುದು ಸರಿಯೆಂದು ಒಪ್ಪಿದ ಮೇಲೆ, ಮೈಮುರಿದು ದುಡಿಯಲು ಹೊರಟವನಿಗೆ ಯಾಕೆ ಬೇಡ? ನೆರೆ ಬಂದಾಗ ನೌಕರರ ಒಂದು ದಿನದ ಪಗಾರ ಮುಖ್ಯಮಂತ್ರಿ ಪರಿಹಾರ ನಿಧಿಗೆ ಹೋಗುವ ರೂಢಿ ನಮ್ಮಲ್ಲಿದೆ. ಅದು ಒಳ್ಳೆಯದೇ, ಮುಂದುವರಿಯಲಿ. ಆದರೆ ಹಣ ಊರು ಮುಟ್ಟುವುದು ನಿಧಾನ. ಅವಶೇಷದಡಿ ಸಿಕ್ಕವನಿಗೆ ಅಷ್ಟು ಹೊತ್ತು ಇರುವುದಿಲ್ಲ.

ಹೋಗಲು ಮನಸ್ಸಿದ್ದ ನೌಕರರಿಗೆ ಮೊದಲೇ ತರಬೇತಿ ಕೊಟ್ಟು, ಅವರ ಹೆಸರು ಜಿಲ್ಲಾಧಿಕಾರಿ ಕಚೇರಿಯಲ್ಲಿ ಬರೆದಿಡಲಿ. ಕರೆ ಹೋದ ದಿನದಿಂದ ವರ್ಷಕ್ಕೆ ಐದು ದಿನವಾದರೂ ಆ ಕೆಲಸವನ್ನು ಕರ್ತವ್ಯವೆಂದೇ ಎಣಿಸಲಿ. ನಮ್ಮಂಥ ಗಡಿ ಜಿಲ್ಲೆಯವರಿಗೆ ಇನ್ನೊಂದು ಮಾತು ಮುಖ್ಯ: ಆ ರಜೆ ಮಹಾರಾಷ್ಟ್ರಕ್ಕೂ ತೆಲಂಗಾಣಕ್ಕೂ ಸಲ್ಲಬೇಕು. ನೆರೆಯೂರಿನ ಕಷ್ಟಕ್ಕೆ ಹೊರಟ ನೌಕರ ತನ್ನ ಅರ್ಜಿಯಲ್ಲಿ ನಿಜವಾದ ಕಾರಣವನ್ನೇ ಬರೆಯುವಂತಾಗಬೇಕು.