ಕಂಡೆನ್ಸರ್ ಉಬ್ಬಿದ ಕಾಲ

2004ರಲ್ಲಿ ನಮ್ಮ ಮನೆಗೆ ಕಂಪ್ಯೂಟರ್ ಬಂತು. ಆ ವರ್ಷ ನಾನು ಬಿ.ಇ. ಸೇರಿದ್ದೆ. ಕೊಬ್ಬರಿ ಮಾರಿದ ದುಡ್ಡಲ್ಲಿ ಅಪ್ಪ ತುಮಕೂರಿನ ಒಂದು ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿ, ಮಾನಿಟರನ್ನು ತೊಡೆ ಮೇಲಿಟ್ಟುಕೊಂಡು ಬಸ್ಸಲ್ಲಿ ತಿಪಟೂರಿನ ಹತ್ತಿರದ ನಮ್ಮೂರಿಗೆ ತಂದಿದ್ದರು.

ಒಂದೂವರೆ ವರ್ಷ ಚೆನ್ನಾಗೇ ಓಡಿತು. ಆಮೇಲೆ ಶುರುವಾಯ್ತು ಕಾಟ. ಹಾಡು ಕೇಳ್ತಾ ಇದ್ದಾಗ ಮೌಸಿನ ಬಾಣ ಇದ್ದಲ್ಲೇ ನಿಂತುಬಿಡೋದು, ಹಾಡಿನ ಒಂದೇ ಚೂರು ಟರ್ರ್ ಅಂತ ಕೂಗೋದು. ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು. ನಾಲ್ಕೈದು ಸಲ ಒತ್ತಿ, ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿದರೆ ಏಳುತ್ತೆ. ಒಮ್ಮೆ ಎದ್ದರೆ ಸ್ವಲ್ಪ ಹೊತ್ತು ಸರಿ.

ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದ ವೈದ್ಯವನ್ನೆಲ್ಲ ಮಾಡಿದೆ. ರ್ಯಾಮ್ ಕಿತ್ತು ರಬ್ಬರಿನಲ್ಲಿ ಉಜ್ಜಿದೆ. ಮೂರು ಸಲ ಫಾರ್ಮ್ಯಾಟ್ ಮಾಡಿ ಎಕ್ಸ್‌ಪಿ ಹಾಕಿದೆ. ಎಸ್‌ಎಂಪಿಎಸ್ ಬದಲಾಯಿಸಿದೆ. ಕೊನೆಗೆ ಅಂಗಡಿಯವರಿಗೆ ಫೋನ್ ಮಾಡಿದರೆ ಅವರು ಕೇಳಿದ ಮೊದಲ ಪ್ರಶ್ನೆ: "ಮನೇಲಿ ಯಾರ್‍ಯಾರು ಯೂಸ್ ಮಾಡ್ತೀರಾ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ತಂಗಿ. ಅವಳಾಗ ಒಂಬತ್ತನೇ ಕ್ಲಾಸು. ನಾನು ಕಾಲೇಜಿಗೆ ಹೋದಾಗ ಪೇಂಟ್‌ನಲ್ಲಿ ಚಿತ್ರ ಬಿಡಿಸೋಳು, ನುಡಿಯಲ್ಲಿ ಕನ್ನಡ ಟೈಪ್ ಮಾಡೋದು ಕಲೀತಿದ್ದಳು. ಶಟ್ ಡೌನ್ ಮಾಡದೆ ಸ್ವಿಚ್ ತೆಗೆದಿದ್ದು ಒಂದೆರಡು ಸಲ ಕಣ್ಣಿಗೆ ಬಿದ್ದಿತ್ತು. "ನೀನೇ ಕೆಡಿಸಿದ್ದು, ಇನ್ಮೇಲೆ ಮುಟ್ಟಬೇಡ" ಅಂದೆ. ಅವಳು "ನಾನೇನೂ ಮಾಡಿಲ್ಲ ಕಣಣ್ಣ" ಅಂದಳು. ನಾನು ನಂಬಲಿಲ್ಲ. ಅವಳು ಮುಟ್ಟೋದು ಬಿಟ್ಟಳು. ಕಂಪ್ಯೂಟರ್ ಹ್ಯಾಂಗ್ ಆಗೋದು ಮಾತ್ರ ಬಿಡಲಿಲ್ಲ.

ಕಾಯಿಲೆ ಏನಂತ ಹೇಳಿದ್ದು ಬೋರ್‌ವೆಲ್ ಮೋಟರ್ ರಿಪೇರಿ ಮಾಡೋರು. ಸ್ಟಾರ್ಟರ್ ನೋಡೋಕೆ ಬಂದವರು, ಜಗಲಿ ಮೇಲೆ ಬಿಚ್ಚಿಟ್ಟಿದ್ದ ಸಿಪಿಯು ಒಳಗೆ ಬಗ್ಗಿ, "ಇದ್ಯಾಕೆ ಕಂಡೆನ್ಸರೆಲ್ಲ ಹಿಂಗೆ ಉಬ್ಬವೆ? ಹೋಗ್ಬಿಟ್ಟವೆ ಕಣಪ್ಪ ಇವು" ಅಂದರು. ಎರಡೇ ಫೇಸ್ ಕರೆಂಟ್ ಬಂದಾಗ ಮೋಟರ್ ಓಡಿಸೋಕೆ ನಮ್ಮ ಕಡೆ ಕಂಡೆನ್ಸರ್ ಕಟ್ಟುತ್ತಾರೆ. ಉಬ್ಬಿದ ಕಂಡೆನ್ಸರ್ ನೋಡಿ ನೋಡಿ ಅವರ ಕಣ್ಣು ಪಳಗಿತ್ತು. ಪ್ರೊಸೆಸರ್ ಸುತ್ತ ನಿಂತಿದ್ದ ಪುಟ್ಟ ಡಬ್ಬಿಗಳಲ್ಲಿ ಆರರ ತಲೆ ಉಬ್ಬಿತ್ತು. ಎರಡರ ತಲೆ ಬಿರಿದು ಕಂದು ಬಣ್ಣದ ಅಂಟು ಒಸರಿತ್ತು. ತಿಪಟೂರಿನಲ್ಲಿ ಟಿವಿ ರಿಪೇರಿಯವರು ಆರನ್ನೂ ಬದಲಾಯಿಸಿದರು. ನೂರು ರೂಪಾಯಿಯೂ ಆಗಲಿಲ್ಲ. ಆಮೇಲೆ ಆ ಕಂಪ್ಯೂಟರ್ ನನ್ನ ಬಿ.ಇ. ಮುಗಿಯೋವರೆಗೂ ಓಡಿತು.

ನಮ್ಮನೆ ಜಗಲಿ ಮೇಲೆ ಸಿಕ್ಕ ಆ ಕಾಯಿಲೆಗೆ ಒಂದು ಚರಿತ್ರೆ ಇದೆ ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಇಂಗ್ಲಿಷಿನಲ್ಲಿ ಅದನ್ನು 'ಕೆಪಾಸಿಟರ್ ಪ್ಲೇಗ್' ಅಂತಲೇ ಕರೀತಾರೆ. ಸುಮಾರು 1999ರಿಂದ 2007ರವರೆಗೆ ತಯಾರಾದ ಲಕ್ಷಾಂತರ ಮದರ್‌ಬೋರ್ಡ್‌ಗಳು ಹೀಗೇ ತಲೆ ಉಬ್ಬಿಸಿಕೊಂಡು ಸತ್ತವು.

ಆ ಡಬ್ಬಿಯೊಳಗೆ ಇರೋದು ಅಲ್ಯುಮಿನಿಯಂ ಹಾಳೆಗಳ ಸುರುಳಿ, ನಡುವೆ ಒಂದು ದ್ರವದಲ್ಲಿ ನೆನೆಸಿದ ಕಾಗದ. ಪ್ರೊಸೆಸರ್‌ಗೆ ಬೇಕಾದ ಒಂದೂವರೆ ವೋಲ್ಟಿನಷ್ಟು ಕರೆಂಟು ಏರಿಳಿತ ಇಲ್ಲದೆ ಹೋಗುವಂತೆ ನೋಡಿಕೊಳ್ಳೋದು ಅದರ ಕೆಲಸ. ನಲ್ಲಿ ನೀರು ಹೇಗೆ ಬಂದರೂ ತೊಟ್ಟಿಯಿಂದ ಒಂದೇ ಸಮ ಹರಿಯುತ್ತಲ್ಲ, ಹಾಗೆ. ಪ್ರೊಸೆಸರ್‌ಗಳು ವೇಗವಾದ ಹಾಗೆ ಇನ್ನೂ ಚುರುಕಾದ ಕಂಡೆನ್ಸರ್ ಬೇಕಾಯಿತು. ಅದಕ್ಕೆ ಅಗ್ಗದ ದಾರಿ, ದ್ರವದಲ್ಲಿ ನೀರಿನ ಪಾಲು ಹೆಚ್ಚಿಸೋದು. ಆದರೆ ನೀರು ಅಲ್ಯುಮಿನಿಯಂ ಜೊತೆ ಸುಮ್ಮನಿರಲ್ಲ, ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತೆ. ಹಾಗೆ ತಿನ್ನದಂತೆ ತಡೆಯೋಕೆ ಕೆಲವು ರಾಸಾಯನಿಕಗಳನ್ನು ಬೆರೆಸಬೇಕು. ಅವು ಇಲ್ಲದಿದ್ದರೆ ಒಳಗೆ ಗ್ಯಾಸ್ ತುಂಬಿ ತಲೆ ಉಬ್ಬುತ್ತೆ. ಡಬ್ಬಿ ಸಿಡಿಯದಿರಲಿ ಅಂತಲೇ ತಲೆ ಮೇಲೆ ಗೀರು ಹಾಕಿರುತ್ತಾರೆ, ಅದು ಬಿರಿದು ದ್ರವ ಹೊರಗೆ ಬರುತ್ತೆ. ಆಮೇಲೆ ಕರೆಂಟು ಏರಿಳಿಯುತ್ತೆ, ಪ್ರೊಸೆಸರ್ ಲೆಕ್ಕ ತಪ್ಪುತ್ತೆ, ಕಂಪ್ಯೂಟರ್ ಹ್ಯಾಂಗ್ ಆಗುತ್ತೆ. ಸೊರಗಿದ ಕಂಡೆನ್ಸರ್ ತಣ್ಣಗಿದ್ದಾಗ ಇನ್ನೂ ಮಂಕು, ಬಿಸಿಯಾದರೆ ಸ್ವಲ್ಪ ಚೇತರಿಕೆ. ನಮ್ಮ ಕಂಪ್ಯೂಟರ್ ಬೆಳಿಗ್ಗೆ ಮೊಂಡು ಹಿಡಿಯುತ್ತಿದ್ದ ಗುಟ್ಟು ಇದೇ.

ಆ ತಡೆಯುವ ರಾಸಾಯನಿಕ ಯಾಕೆ ಬಿಟ್ಟುಹೋಯ್ತು? 2002–03ರ ಹೊತ್ತಿಗೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಕತೆ ಹೀಗಿದೆ: ಜಪಾನಿನ ಕಂಪನಿಯೊಂದರ ವಿಜ್ಞಾನಿ ಕೆಲಸ ಬಿಟ್ಟು ಚೀನಾದ ಕಂಪನಿಗೆ ಹೋಗಿ ಅದೇ ದ್ರವ ತಯಾರಿಸಿದ. ಅವನ ಕೆಳಗಿದ್ದವರು ಫಾರ್ಮುಲಾ ಹೊತ್ತುಕೊಂಡು ತೈವಾನಿಗೆ ಹೋದರು. ಹೊತ್ತೊಯ್ದಿದ್ದು ಅರ್ಧ ಮಾತ್ರ. ಹುಳಿ ಹೇಗೆ ಮಾಡೋದು ಅಂತ ಬರೆದುಕೊಂಡು ಹೋಗಿ, ಉಪ್ಪಿನ ಸಾಲನ್ನೇ ಬಿಟ್ಟ ಹಾಗೆ.

ಕತೆ ಚೆನ್ನಾಗಿದೆ. ಅರ್ಥವಾಗದ ಕೋಡನ್ನು ಕಾಪಿ ಹೊಡೆಯುವ ನಮ್ಮಂಥವರಿಗೆ ನೀತಿಪಾಠವೂ ಹೌದು. ಆದರೆ ಎಲ್ಲ ತಪ್ಪನ್ನೂ ಕಳ್ಳರ ತಲೆಗೆ ಕಟ್ಟೋಕೆ ಬರಲ್ಲ. ಆ ವರ್ಷಗಳಲ್ಲಿ ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಕಂಪ್ಯೂಟರ್‌ಗಳಲ್ಲಿ ಉಬ್ಬಿದ ಕಂಡೆನ್ಸರ್‌ಗಳು ಜಪಾನಿನದೇ ಒಂದು ಹೆಸರಾಂತ ಕಂಪನಿಯವು.

ಆ ಡೆಲ್ ಪ್ರಕರಣ ಓದಿದಾಗಲೇ ನನಗೆ ಎದೆ ಚುಳ್ ಅಂದಿದ್ದು. 2003ರ ಮೇಯಿಂದ 2005ರ ಜುಲೈವರೆಗೆ ಡೆಲ್ ಕಳಿಸಿದ ಸುಮಾರು 1 ಕೋಟಿ 18 ಲಕ್ಷ ಕಂಪ್ಯೂಟರ್‌ಗಳಿಗೆ ಈ ಅಪಾಯ ಇತ್ತು. ಗ್ರಾಹಕ ಕಂಪನಿಯೊಂದು 2007ರಲ್ಲಿ ಕೋರ್ಟಿಗೆ ಹೋಯಿತು. 2010ರಲ್ಲಿ ಆ ಕೇಸಿನ ದಾಖಲೆಗಳು ಹೊರಬಂದವು. ದೋಷ ಇದೆ ಅಂತ ಕಂಪನಿಯ ಒಳಗಿನವರಿಗೆ ಗೊತ್ತಿತ್ತು, ಅದನ್ನು ಗ್ರಾಹಕರ ಮುಂದೆ ಹೇಳದಿರಲು ಸೂಚನೆಗಳೂ ಹೋಗಿದ್ದವು. ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದವರು ಕಂಪ್ಯೂಟರ್‌ಗಳು ಕೆಡುತ್ತಿವೆ ಅಂತ ದೂರು ಕೊಟ್ಟರೆ, ಅವರಿಗೆ ಸಿಕ್ಕ ಉತ್ತರ ಏನು ಗೊತ್ತಾ? ನೀವು ತೀರಾ ಕಷ್ಟದ ಲೆಕ್ಕ ಮಾಡಿಸಿ ಕಂಪ್ಯೂಟರಿಗೆ ಆಯಾಸ ಮಾಡಿದ್ದೀರಿ ಅಂತ! ಡೆಲ್ ಪರ ವಾದಿಸುತ್ತಿದ್ದ ವಕೀಲರ ಕಚೇರಿಯಲ್ಲೇ ಇಂಥ ಸಾವಿರ ಕಂಪ್ಯೂಟರ್ ಇದ್ದವು, ಅವನ್ನು ಸರಿ ಮಾಡಿಕೊಡೋಕೂ ಕಂಪನಿ ಹಿಂದೆಮುಂದೆ ನೋಡಿತ್ತು. ಈ ರಿಪೇರಿಗಳಿಗೆ ಅಂತ ಡೆಲ್ 2005ರಲ್ಲೇ 30 ಕೋಟಿ ಡಾಲರ್ ತೆಗೆದಿಟ್ಟಿತ್ತು.

ಓದಿ ಮೊದಲು ನಕ್ಕೆ. ಆಮೇಲೆ ನಗು ನಿಂತಿತು. ಗಣಿತದ ಪ್ರೊಫೆಸರುಗಳಿಗೆ ಕಂಪನಿ ಹೇಳಿದ್ದನ್ನೇ ನಾನು ತಂಗಿಗೆ ಹೇಳಿದ್ದೆ. ಕಂಪನಿಗೆ ದುಡ್ಡು ಉಳಿಸಬೇಕಿತ್ತು. ನನಗೆ ಏನು ಉಳಿಸಬೇಕಿತ್ತು? ಇಂಜಿನಿಯರಿಂಗ್ ಓದೋ ಹುಡುಗನಿಗೂ ಗೊತ್ತಾಗಲಿಲ್ಲ ಅನ್ನೋ ಮಾತು ಬರಬಾರದಿತ್ತು, ಅಷ್ಟೆ. ಕಂಡೆನ್ಸರ್ ಬದಲಾಯಿಸಿಕೊಂಡು ಬಂದ ದಿನವೂ "ನಿನ್ನ ತಪ್ಪಲ್ಲ" ಅಂತ ಅವಳಿಗೆ ಹೇಳಲಿಲ್ಲ. "ಸರಿ ಹೋಯ್ತು" ಅಂದೆ. ಅವಳು ನುಡಿಗೆ ವಾಪಸ್ ಬರಲಿಲ್ಲ.

ಈಗ ನನ್ನ ಕೆಲಸದಲ್ಲೂ ದಿನಾ ದೂರುಗಳು ಬರುತ್ತವೆ. 'ಆ್ಯಪ್ ಹ್ಯಾಂಗ್ ಆಗ್ತಿದೆ' ಅಂತ ಬರೆದವರಿಗೆ 'ನಮ್ಮಲ್ಲಿ ಸರಿಯಾಗಿದೆ, ನೀವೇನು ಮಾಡಿದ್ರಿ?' ಅಂತ ಉತ್ತರ ಬರೆದು ಮುಗಿಸೋದು ಬಹಳ ಸುಲಭ. ಹಾಗೆ ಬರೆಯೋಕೆ ಕೈ ಹೋದಾಗಲೆಲ್ಲ ಆ ಆರು ಡಬ್ಬಿ ನೆನಪಾಗುತ್ತವೆ.

ಹೋದ ತಿಂಗಳು ತಂಗಿ ಫೋನ್ ಮಾಡಿದ್ದಳು. ಈಗ ಅವಳು ಹೈಸ್ಕೂಲ್ ಟೀಚರ್. "ಅಣ್ಣಾ, ಲ್ಯಾಪ್‌ಟಾಪ್ ಸ್ಟಾರ್ಟೇ ಆಗ್ತಿಲ್ಲ" ಅಂದವಳು, ನಾನು ಬಾಯಿ ತೆರೆಯೋ ಮೊದಲೇ "ನಾನೇನೂ ಮಾಡಿಲ್ಲ ಕಣಣ್ಣ" ಅಂತ ಸೇರಿಸಿದಳು.

ಹದಿನೈದು ವರ್ಷದ ಮೇಲಾಗಿದೆ. "ಗೊತ್ತು ಕಣೇ. ಅವತ್ತೂ ನೀನೇನೂ ಮಾಡಿರಲಿಲ್ಲ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸರಿ, ಈಗ ಯಾವ ಬಟನ್ ಒತ್ತಲಿ ಹೇಳು" ಅಂದಳು.