11 ಕಿಲೋದ ಪೋರ್ಟಬಲ್ ಕಂಪ್ಯೂಟರ್!

ಆಸ್‌ಬಾರ್ನ್ 1 ಎಂಬ ಹಳೇ ಕಂಪ್ಯೂಟರಿನ ಡಿಜಿಟಲ್ ಮಾದರಿಯೊಂದನ್ನು ಮೊನ್ನೆ ನೋಡಿದೆ. ಮೌಸ್ ಹಿಡಿದು ಹೇಗೆ ಬೇಕಾದರೂ ತಿರುಗಿಸಬಹುದು. ಹೊಲಿಗೆ ಮೆಷಿನ್ನಿನ ಪೆಟ್ಟಿಗೆಯಂಥ ಆಕಾರ. ಮುಚ್ಚಳದಲ್ಲೇ ಕೀಬೋರ್ಡು, ಅದನ್ನು ತೆಗೆದರೆ ನಡುವೆ 5 ಇಂಚಿನ ಪುಟ್ಟ ಪರದೆ, ಆಚೆ ಈಚೆ ಎರಡು ಫ್ಲಾಪಿ ಡ್ರೈವು, ಅವುಗಳ ಕೆಳಗೆ ಫ್ಲಾಪಿ ಇಡಲು ಗೂಡು... ಮಾಡಿದವರು ಹಿಡಿಕೆಯನ್ನೂ ಬಿಟ್ಟಿಲ್ಲ. ಆ ಹಿಡಿಕೆ ಹಿಡಿದವರ ಭುಜದ ಕಥೆ ಮಾತ್ರ ಅದರಲ್ಲಿ ಕಾಣೋದಿಲ್ಲ. ತೂಕ ಹತ್ತಿರ ಹತ್ತಿರ 11 ಕಿಲೋ! ಊರಿಂದ ಹೊರಡುವಾಗ ಅಮ್ಮ ಕಟ್ಟಿಕೊಡುತ್ತಿದ್ದ ಅಕ್ಕಿ ಗಂಟಿನಷ್ಟು. ವಿಮಾನದ ಸೀಟಿನ ಕೆಳಗೆ ಹಿಡಿಸುತ್ತೆ ಅನ್ನೋದೇ ಅದರ ಹೆಗ್ಗಳಿಕೆಯಾಗಿತ್ತು.

ಮೇಮ್ ಎಂಬ ತಂತ್ರಾಂಶದಲ್ಲಿ ಇದೇ ಯಂತ್ರಕ್ಕೆ ಇನ್ನೊಂದು ಡಿಜಿಟಲ್ ಅವತಾರವಿದೆ. ಅಲ್ಲಿ ಹೊರಗಿನ ಚೆಂದವಲ್ಲ, ಒಳಗಿನ ಕೆಲಸ. ಸಾಲಿಗೆ 52 ಅಕ್ಷರ ಮಾತ್ರ ಕಾಣುತ್ತೆ, ಮಿಕ್ಕಿದ್ದಕ್ಕೆ ಪರದೆಯನ್ನು ಪಕ್ಕಕ್ಕೆ ಸರಿಸಬೇಕು. ಲೆಡ್ಜರ್ ಬರೆದ ನಮ್ಮಂಥವರಿಗೆ ಇದು ಎಂಥ ಕಿರಿಕಿರಿ ಅಂತ ಬೇರೆ ಹೇಳಬೇಕಿಲ್ಲ.

ಆದರೂ 1981ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದಾಗ ಜನ ಮುಗಿಬಿದ್ದರು. ಕಾರಣ ಬೆಲೆ. 1795 ಡಾಲರಿಗೆ 64 ಕೆ ಮೆಮೊರಿಯ ಯಂತ್ರ, ಜೊತೆಗೆ ಪತ್ರ ಬರೆಯಲು ವರ್ಡ್‌ಸ್ಟಾರ್, ಲೆಕ್ಕಕ್ಕೆ ಸೂಪರ್‌ಕ್ಯಾಲ್ಕ್, ಬೇಸಿಕ್ ಭಾಷೆ, ಎಲ್ಲ ಸೇರಿ! ವಿನ್ಯಾಸ ಲೀ ಫೆಲ್ಸೆನ್‌ಸ್ಟೈನ್ ಅವರದು, ವ್ಯಾಪಾರದ ತಲೆ ಆಡಮ್ ಆಸ್‌ಬಾರ್ನ್ ಅವರದು.

ಈ ಆಡಮ್ ಇದ್ದಾರಲ್ಲ, ಹುಟ್ಟಿದ್ದು 1939ರಲ್ಲಿ ಬ್ಯಾಂಕಾಕಿನಲ್ಲಿ, ಬಾಲ್ಯ ಕಳೆದದ್ದು ತಿರುವಣ್ಣಾಮಲೈನಲ್ಲಿ! ತಂದೆ ಆರ್ಥರ್ ಆಸ್‌ಬಾರ್ನ್ ರಮಣ ಮಹರ್ಷಿಗಳ ಭಕ್ತರು, ಅವರ ಬಗ್ಗೆ ಪುಸ್ತಕ ಬರೆದವರು. ಚೆನ್ನೈನಲ್ಲಿ ಇಷ್ಟು ವರ್ಷ ಇದ್ದು, ಗಿರಿಪ್ರದಕ್ಷಿಣೆಗೆ ಹೋಗಿಬಂದ ಎಷ್ಟೋ ಕನ್ನಡಿಗರಿಗೂ ಇದು ಗೊತ್ತಿರಲಾರದು.

ಕಂಪನಿ ಎದ್ದಷ್ಟೇ ಬೇಗ ಬಿತ್ತು. 1983ರಲ್ಲಿ 'ಎಕ್ಸಿಕ್ಯುಟಿವ್' ಎಂಬ ಹೊಸ ಮಾದರಿ ಬರುತ್ತೆ ಅಂತ ಮುಂಚೆಯೇ ಬಾಯಿಬಿಟ್ಟರು, ಜನ ಹಳೆಯದನ್ನು ಕೊಳ್ಳೋದು ನಿಲ್ಲಿಸಿದರು, ಸರಕು ಗೋದಾಮಿನಲ್ಲೇ ಉಳಿಯಿತು ಅಂತ ಕಥೆ. ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಇದಕ್ಕೆ 'ಆಸ್‌ಬಾರ್ನ್ ಎಫೆಕ್ಟ್' ಅಂತಲೇ ಹೆಸರು. ಸಾಲದ ಅರ್ಜಿಗಳನ್ನು ನೋಡಿ ನೋಡಿ ಕಣ್ಣು ಸವೆದವನು ನಾನು, ನನಗೆ ಈ ಒಂದೇ ಕಾರಣ ಸಾಕಾಗೋದಿಲ್ಲ. 1982ರಲ್ಲೇ ಕೇಪ್ರೋ ಬಂದಿತ್ತು: ಅದೇ 1795 ಡಾಲರ್, ಆದರೆ 9 ಇಂಚಿನ ಪರದೆ, ಸಾಲಿಗೆ 80 ಅಕ್ಷರ. ಹಿಂದೆಯೇ ಐಬಿಎಂ ತಂತ್ರಾಂಶಗಳು ಓಡುವ ಕಾಂಪ್ಯಾಕ್ ಬಂತು. ಇವರು ಬಾಯಿ ಮುಚ್ಚಿಕೊಂಡಿದ್ದರೂ ಆ 5 ಇಂಚಿನ ಪರದೆಯನ್ನು ಎಷ್ಟು ದಿನ ಮಾರುತ್ತಿದ್ದರು, ನೀವೇ ಹೇಳಿ. 1983ರ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಆಮೇಲೆ ಆಡಮ್ ಕಡಿಮೆ ಬೆಲೆಗೆ ತಂತ್ರಾಂಶ ಮಾರುವ ಕಂಪನಿ ತೆರೆದರು. ಲೋಟಸ್‌ನವರು ಕೋರ್ಟಿಗೆಳೆದರು, ಅದೂ ಕೈಕೊಟ್ಟಿತು. ಆರೋಗ್ಯ ಕೆಟ್ಟು 1992ರಲ್ಲಿ ಭಾರತಕ್ಕೆ ಮರಳಿ ಸೋದರಿಯ ಜೊತೆ ಕೊಡೈಕೆನಾಲಿನಲ್ಲಿದ್ದರು. 2003ರ ಮಾರ್ಚಿನಲ್ಲಿ ಅಲ್ಲೇ ತೀರಿಕೊಂಡರು.