ಎಣ್ಣೆ ಹಾಕಿದ್ದೆ, ಒರೆಸಿರಲಿಲ್ಲ

ನಮ್ಮ ಸೀಮೆ ಕಥೆ, ಭಾಗ 6. ಒಂದೇ ಕ್ಯಾಪ್ಶನ್‌ನಲ್ಲಿ ಹಿಡಿಸಲ್ಲ, ಅದಕ್ಕೇ ನಾಲ್ಕು ಪೋಸ್ಟ್.

(1/4)
ಫೋಟೋದಲ್ಲಿರೋ ಹಗ್ಗ ನೋಡಿ. ಒಂದು ತುದೀಲಿ ಹಿತ್ತಾಳೆ ತೂಕ, ಇನ್ನೊಂದು ತುದೀಲಿ ಕುಣಿಕೆ. ಎನ್‌ಸಿಸಿ ಮಾಡಿದವರಿಗೆ ಗೊತ್ತು, ಇದು ಪುಲ್‌ಥ್ರೂ. ರೈಫಲ್ ಖಾಲಿ ಇದೆಯಾ ಅಂತ ಮೊದಲು ನೋಡ್ಬೇಕು. ಆಮೇಲೆ ಕುಣಿಕೆಗೆ ಬಟ್ಟೆ ಸಿಕ್ಕಿಸಿ, ತೂಕವನ್ನ ಹಿಂದಿನ ಕಡೆಯಿಂದ ನಳಿಗೆಯೊಳಕ್ಕೆ ಬಿಟ್ಟು, ಬಾಯಿ ಕಡೆಯಿಂದ ಒಂದೇ ಸಮ ಎಳೀಬೇಕು. ಆ ಬಟ್ಟೆಗೆ ನಮ್ಮ ಉಸ್ತಾದ್ ಹಿಂದೀಲಿ ‘ಚಿಂದಿ’ ಅಂತಾರೆ. ಕನ್ನಡದಲ್ಲೂ ಅದೇ ಚಿಂದಿ. (ಸಿನಿಮಾ ಚೆನ್ನಾಗಿದ್ರೆ ಹೇಳ್ತೀವಲ್ಲ, ಆ ಚಿಂದಿ ಅಲ್ಲ.) ಒರೆಸೋದಕ್ಕೆ 4 ಇಂಚು ಉದ್ದ, 2 ಇಂಚು ಅಗಲ. ಎಣ್ಣೆ ಚಿಂದಿಗೆ ಅಗಲ ಒಂದೂವರೆ ಇಂಚು ಸಾಕು. ಸ್ವಲ್ಪ ಸಡಿಲ ಇದ್ರೇನೇ ಒಳಗೆ ಎಣ್ಣೆ ಪದರ ಉಳಿಯೋದು.

ಹೋದ ಮಳೆಗಾಲದ ಕ್ಯಾಂಪಲ್ಲಿ ಬೆಳಗ್ಗೆ ಒಂದು ಸುತ್ತು ಫೈರಿಂಗ್, ಮಧ್ಯಾಹ್ನ ಇನ್ನೊಂದು. ಜಡಿಮಳೆ ಬೇರೆ. ನಡುವೆ ರೈಫಲ್ ಕ್ಲೀನ್ ಮಾಡಿ ಊಟಕ್ಕೆ ಹೋಗ್ಬೇಕಿತ್ತು. ನನಗೆ ಹಸಿವು. ಒಣ ಚಿಂದಿ ಎಳೀಲೇ ಇಲ್ಲ. ನೇರವಾಗಿ ಎಣ್ಣೆ ಚಿಂದಿ ಎಳೆದು, ಪುಸ್ತಕದಲ್ಲಿ ‘ಕ್ಲೀನ್ ಆಗಿದೆ’ ಅಂತ ಸೈನ್ ಹಾಕ್ದೆ. ಮಳೆಗೆ ಮಧ್ಯಾಹ್ನದ ಫೈರಿಂಗ್ ರದ್ದಾಯ್ತು. ಮಾರನೇ ಬೆಳಗ್ಗೆ ಉಸ್ತಾದ್ ಆ .22 ರೈಫಲ್ಲಿಗೆ ಬಿಳಿ ಚಿಂದಿ ಎಳೆದ್ರು. ಇಟ್ಟಿಗೆ ಬಣ್ಣದಲ್ಲಿ ಬಂತು. ಬೈಲಿಲ್ಲ. ಪುಸ್ತಕ ತೆಗೆದು ಸೈನ್ ಯಾರದು ಅಂತ ನೋಡಿದ್ರು, ಅಷ್ಟೇ. ಬೈದಿದ್ರೇ ವಾಸಿ ಇತ್ತು.

ಎಣ್ಣೆ ಹಾಕಿದ್ಮೇಲೂ ತುಕ್ಕು ಹೆಂಗೆ ಹಿಡೀತು? ಹುಡುಕ್ತಾ ಹೋಗಿ ಪಿರಿಯಾಪಟ್ಟಣದ ಗಡೀಲಿ, 1799ರಲ್ಲಿ ನಿಂತೆ.

(2/4)
1799ರ ಮಾರ್ಚ್ 6. ಪಿರಿಯಾಪಟ್ಟಣದ ಪಶ್ಚಿಮಕ್ಕೆ, ಕೊಡಗಿನ ಅಂಚಿನ ಕಾಡು. ಇಂಗ್ಲಿಷ್ ದಾಖಲೆಗಳಲ್ಲಿ ‘ಸೀಡಸೀರ್’ ಅಂತಿರೋದು ಇಲ್ಲಿನ ಸಿದ್ದೇಶ್ವರ. ಕಣ್ಣೂರಿನಿಂದ ಕೊಡಗು ಹತ್ತಿ ಬಂದ ಬಾಂಬೆ ಸೈನ್ಯದ ಮುಂಚೂಣಿ, ಮಾಂಟ್ರೆಸರ್‌ನ ಸಿಪಾಯಿ ಪಡೆ ಅಲ್ಲಿತ್ತು. ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಅವರ ಕಡೆ. ಟಿಪ್ಪು ಸೈನ್ಯ ಕಾಡೊಳಗಿಂದ ಬಂದು ಸುತ್ತುವರಿತು. ಬೆಳಗ್ಗೆ ಶುರುವಾದ ಕಾಳಗ ಮಧ್ಯಾಹ್ನ ಮೂರು ದಾಟೋವರೆಗೂ ನಡೀತು. ಹಿಂದಿನಿಂದ ಜನರಲ್ ಸ್ಟುವರ್ಟ್ ನೆರವಿಗೆ ಬರೋ ಹೊತ್ತಿಗೆ ಸಿಪಾಯಿಗಳು ಸುಸ್ತಾಗಿದ್ರು, ಮದ್ದುಗುಂಡು ಮುಗೀತಾ ಬಂದಿತ್ತು. ಕೊನೆಗೆ ಟಿಪ್ಪು ಸೈನ್ಯ ಹಿಂದೆ ಸರೀತು. ಎರಡೇ ತಿಂಗಳಿಗೆ, ಮೇ 4ಕ್ಕೆ, ಶ್ರೀರಂಗಪಟ್ಟಣ ಬಿತ್ತು.

ಇದಿಷ್ಟು ಪುಸ್ತಕಗಳಲ್ಲಿ ಸಿಗುತ್ತೆ. ನನ್ನ ತಲೇಲಿ ಉಳಿದಿದ್ದು ಆ ಕೋವಿಗಳ ನಳಿಗೆ. ಎರಡೂ ಕಡೆ ಕರಿಮದ್ದಿನ ಕಾಲ. ಬಾಯಿ ಕಡೆಯಿಂದ ಮದ್ದು ಸುರಿದು, ಗುಂಡು ಇಳಿಸಿ, ಸಲಾಕೆಯಿಂದ ಜಡಿದು ಹೊಡೀಬೇಕು. ಪೆಟ್ಲುಪ್ಪು, ಗಂಧಕ, ಇದ್ದಲು ಸೇರಿದ್ರೆ ಕರಿಮದ್ದು. ಅದು ಉರಿದ ಮೇಲೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅನಿಲ ಆಗೋದೇ ಇಲ್ಲ. ಸ್ವಲ್ಪ ಹೊಗೆ ಜೊತೆ ಹೋಗುತ್ತೆ, ಮಿಕ್ಕಿದ್ದು ನಳಿಗೆಗೆ ಮೆತ್ತಿಕೊಳ್ಳುತ್ತೆ. ಗುಂಡು ಹಾರಿಸಿದಷ್ಟೂ ಒಳಗಿನ ದಾರಿ ಕಿರಿದಾಗಿ ಮುಂದಿನ ಗುಂಡು ಇಳಿಸೋದೇ ಕಷ್ಟ. ಆರು ಗಂಟೆ ಹೊತ್ತು ಹಂಗೆ ಹೊಡೆದ ಕೈಗಳನ್ನ ಯೋಚಿಸಿ.

ಆ ಮಸಿ ಗಾಳೀಲಿರೋ ತೇವ ಎಳ್ಕೊಳ್ಳುತ್ತೆ, ರಾತ್ರಿ ಬಿಟ್ರೆ ಬೆಳಗ್ಗೆ ತುಕ್ಕು. ಅದನ್ನ ತೆಗೆಯೋದು ಎಣ್ಣೆ ಅಲ್ಲ, ನೀರು. ನೀರಲ್ಲಿ ತೊಳಿ, ಒಣಗಿಸು, ಆಮೇಲೆ ಎಣ್ಣೆ. ನಾನು ಮೊದಲೆರಡು ಬಿಟ್ಟು ಮೂರನೇದು ಮಾತ್ರ ಮಾಡಿದ್ದೆ.

(3/4)
ಹೊಗೆ ಇಲ್ಲದ ಮದ್ದು ಬಂದ ಮೇಲೆ ಸಮಸ್ಯೆ ತೀರಿತು ಅನ್ಕೊಂಡ್ರೆ, ಇಲ್ಲ. ಹಳೇ .303 ಲೀ-ಎನ್‌ಫೀಲ್ಡ್ ರೈಫಲ್ಲಿನ ಮರದ ಹಿಡಿಯ ಹಿಂಬದೀಲಿ ಒಂದು ಮುಚ್ಚಳ ಇರುತ್ತೆ. ತೆಗೆದ್ರೆ ಒಳಗೆ ಪುಲ್‌ಥ್ರೂ, ಪುಟ್ಟ ಎಣ್ಣೆ ಬಾಟಲಿ. ಸಿಪಾಯಿ ಎಲ್ಲಿ ಹೋದ್ರೂ ಅದು ಜೊತೇಲೇ. ಆ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರ್ತಿತ್ತು. ಸಿಡಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಆಗಿ ಉಳಿಯುತ್ತೆ, ಅಡುಗೆ ಉಪ್ಪಿನ ದಾಯಾದಿ. ಉಪ್ಪು ಎಣ್ಣೇಲಿ ಕರಗಲ್ಲ. ಉಪ್ಪಿನ ಮೇಲೆ ಎಷ್ಟು ಎಣ್ಣೆ ಸವರಿದ್ರೂ ಕೆಳಗೆ ತುಕ್ಕು ತನ್ನ ಪಾಡಿಗೆ ಬೆಳೀತಿರುತ್ತೆ. ಅದಕ್ಕೇ ಸಿಪಾಯಿಗಳು ಆಲಿಕೆ ಇಟ್ಟು ನಳಿಗೆಯೊಳಗೆ ಕುದಿಯೋ ನೀರು ಹುಯ್ತಿದ್ರು. ಬಿಸಿ ಆದ ಕಬ್ಬಿಣ ಬೇಗ ಒಣಗುತ್ತೆ ಅನ್ನೋದೂ ಒಂದು ಲಾಭ. 1920ರ ದಶಕದ ಕೊನೆಗೆ ತುಕ್ಕು ಹಿಡಿಸದ ಕೇಪು ಮಾರುಕಟ್ಟೆಗೆ ಬಂತು.

ಅಂದ್ರೆ ನನ್ನ .22ರಲ್ಲಿ ಇದ್ದಿದ್ದು ಉಪ್ಪಲ್ಲ, ಬರೀ ಮಳೆ ನೀರು. ಎಣ್ಣೆ ಮೇಲೆ, ನೀರು ಕೆಳಗೆ.

(4/4)
ಈ ಫೋಟೋದಲ್ಲಿರೋ ಕೆಂಪು ಹಳದಿ ಹೂವು ಅಗ್ನಿಶಿಖೆ. ಕೊಡವರು ಇದಕ್ಕೆ ‘ತೋಕ್ ಪೂ’ ಅಂತಾರೆ, ಅಂದ್ರೆ ಕೋವಿ ಹೂ. ಪಿರಿಯಾಪಟ್ಟಣ ದಾಟಿದ್ರೆ ಕೊಡಗು. ಅಲ್ಲಿ ನಾಟಿ ಕೆಲಸದ ದಿನಗಳಲ್ಲಿ ಕೋವಿ, ಒಡಿಕತ್ತಿ ಎಲ್ಲಾ ಕನ್ನಿಕೋಂಬರೆ ಅನ್ನೋ ದೇವರ ಕೋಣೆ ಸೇರುತ್ತೆ. ನಾಟಿ ಮುಗಿದು ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ಗೆ ಹೊರಗೆ ತೆಗೆದು, ಒರೆಸಿ, ಈ ಹೂ ಸಿಕ್ಕಿಸಿ ಪೂಜೆ. ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯೋ ಸ್ಪರ್ಧೆ. ಮಳೆ ಜೋರಾಗಿರೋ ತಿಂಗಳುಗಳು ಮುಗೀತಿದ್ದಂಗೆ ಕಬ್ಬಿಣ ನೋಡ್ಕೊಳ್ಳೋ ಹಬ್ಬ ಬರೋದು ನನಗೇನೋ ಕಾಕತಾಳೀಯ ಅನ್ಸಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ 1861ರಷ್ಟು ಹಳೇದು. ಈಗಿನ ಆದೇಶ 2029ರವರೆಗೆ ಇದೆ. ಗಡಿಯ ಈಚೆ ಹುಣಸೂರು, ಎಚ್.ಡಿ. ಕೋಟೆ ರೈತರಿಗೆ ಬೆಳೆ ಕಾಯೋ ಕೋವಿಗೂ ಲೈಸೆನ್ಸ್ ಬೇಕೇ ಬೇಕು. ನಮ್ಮ ಕಡೆ ಕೋವಿ ಇರೋ ಮನೆಯವರು ಆಯುಧಪೂಜೇಲಿ ಕುಂಕುಮ ಇಡ್ತಾರೆ, ಸಂತೋಷ. ಆದ್ರೆ ಅದೂ ಪುಡಿ, ಅದೂ ತೇವ ಹಿಡಿಯುತ್ತೆ. ಮಾರನೇ ದಿನ ಒರೆಸಿಬಿಡಿ ಅಂತ ಮನೇಲಿ ಹೇಳಿ.

ಕ್ಯಾಂಪಿನ ಕೊನೇ ದಿನ ಅದೇ ರೈಫಲ್ ಕೇಳಿ ತಗೊಂಡೆ. ಎಂಟನೇ ಚಿಂದಿ ಬಿಳಿಯಾಗಿ ಬಂತು. ಉಸ್ತಾದ್ ನಳಿಗೆಯನ್ನ ಬೆಳಕಿಗೆ ಹಿಡಿದು ತೋರಿಸಿದ್ರು. ಒಳಗೆ ಒಂದು ಕಡೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ಅದು ಚಿಂದಿಗೆ ಹೋಗಲ್ಲ ಅಂದ್ರು. ಪುಸ್ತಕದಲ್ಲಿ ಅದನ್ನೂ ಬರೆದು ಸೈನ್ ಹಾಕ್ದೆ.